ಒಂಬತ್ತು ದಿನ ಖಾಲಿ ಇದ್ದ ಎರಡು ಸೊನ್ನೆಗಳು

ನನ್ನ ಅಕ್ಷರ ಚೆನ್ನಾಗಿಲ್ಲ, ಮೊದಲೇ ಕ್ಷಮಿಸಿ. ಎಡಕ್ಕೆ ವಾಲುತ್ತದೆ, ಸಾಲು ಮುಗಿಯುವ ಹೊತ್ತಿಗೆ ಕೆಳಗೆ ಇಳಿದುಬಿಟ್ಟಿರುತ್ತದೆ. ಮಾತುಗಳೂ ಅಷ್ಟೇ, ಬೇಕಾದಾಗ ಸಿಗುವುದಿಲ್ಲ. ಇದನ್ನು ಎರಡು ಸಲ ಬರೆದು ಹರಿದಿದ್ದೇನೆ. ಮಿಸ್ ಆರ್ಡಿತ್ ಬಗ್ಗೆ ಒಂದು ಮಾತೂ ತಪ್ಪಾಗಬಾರದು ಎಂದು ಮೂರನೆಯ ಸಲ ನಿಧಾನವಾಗಿ ಬರೆಯುತ್ತಿದ್ದೇನೆ. ಬರೆಯಲೇ ಎಂದು ಅವರನ್ನೇ ಕೇಳಿದೆ. "ಬರಿ. ಆದ್ರೆ ನಡೆದದ್ದಷ್ಟೇ ಬರಿ," ಎಂದರು.

ಆರ್ಡಿತ್ ಕೆಸ್ಸೆಲ್ ಅವರಿಗೆ ಎಪ್ಪತ್ತಮೂರು ವರ್ಷ. ನಮ್ಮೂರು ವೆಲ್ಡನ್‌ನಲ್ಲಿ ಸಕ್ಕರೆ ಕಾರ್ಖಾನೆಯ ಹಿಂದಿನ ಬೀದಿಯಲ್ಲಿ ಒಬ್ಬರೇ ಇದ್ದಾರೆ. ಐದು ವರ್ಷದ ಹಿಂದಿನವರೆಗೆ ಅವರು ನಮ್ಮ ಕೌಂಟಿಯ, ಅಂದರೆ ಜಿಲ್ಲೆಯ, ಕೋರ್ಟಿನಲ್ಲಿ ಗುಮಾಸ್ತೆಯಾಗಿದ್ದರು. ಮೂವತ್ತೊಂದು ವರ್ಷ ಜಡ್ಜ್ ಪಕ್ಕದ ಮೇಜಿನಲ್ಲಿ ಕೂತು, ಯಾರ ಕೇಸು, ಎಷ್ಟು ಗಂಟೆಗೆ ಕರೆದರು, ಏನು ಆದೇಶವಾಯಿತು ಎಂದು ಬರೆದಿಟ್ಟವರು.

ಆ ಕೆಲಸಕ್ಕೆ ಸೇರಿದ ದಿನದಿಂದ ಅವರು ಊರಿನವರ ಜೊತೆ ಬೆರೆಯುವುದನ್ನು ಬಿಟ್ಟರು. ಇವತ್ತು ಜೊತೆಯಲ್ಲಿ ಊಟ ಮಾಡಿದವರು ನಾಳೆ ಕೋರ್ಟಿನಲ್ಲಿ ಎದುರು ನಿಲ್ಲಬಹುದಲ್ಲ, ಅದಕ್ಕೆ. ಮಧ್ಯಾಹ್ನದ ಊಟ ಕಾರಿನಲ್ಲಿ, ಕಿಟಕಿ ಏರಿಸಿಕೊಂಡು. ಚರ್ಚಿನಲ್ಲಿ ಕೊನೆಯ ಬೆಂಚು, ಕಾಫಿ ಕೊಡುವ ಮುಂಚೆಯೇ ಮನೆಗೆ. ಒಬ್ಬರು ಮದುವೆಗೆ ಕೇಳಿದ್ದರಂತೆ. ಹಾಗೆ ಕೇಳಿದವರ ತಮ್ಮನ ಜಮೀನಿನ ಕೇಸು ಆಗ ಕೋರ್ಟಿನಲ್ಲಿತ್ತು. ಕೇಸು ಮುಗಿಯಲಿ, ಆಮೇಲೆ ಹೇಳುತ್ತೇನೆ ಎಂದು ಮಿಸ್ ಆರ್ಡಿತ್ ಅಂದರಂತೆ. ಕೇಸು ನಾಲ್ಕು ವರ್ಷ ನಡೆಯಿತು. ಇದನ್ನು ಅವರು ನನಗೆ ಹೇಳಿದ್ದು ಪಾತ್ರೆ ಒರೆಸುತ್ತಾ, ಬೇರೆ ಯಾರದೋ ವಿಷಯ ಹೇಳುವ ಹಾಗೆ.

ಈಗ ಅವರ ಕಣ್ಣಿನ ನಟ್ಟನಡುವೆ ಒಂದು ಕಪ್ಪು ಮಚ್ಚೆ ಕೂತಿದೆ. ಅಂಚಿನಲ್ಲಿರುವುದು ಕಾಣುತ್ತದೆ, ನೋಡಬೇಕಾದದ್ದು ಕಾಣುವುದಿಲ್ಲ. ನಮ್ಮ ಅಮ್ಮ ಆ ಬೀದಿಯಲ್ಲಿ ಮನೆಗಳನ್ನು ಶುಚಿ ಮಾಡುತ್ತಾಳೆ. ಅವಳೇ ಹೋದ ವಸಂತದಲ್ಲಿ ನನ್ನನ್ನು ಅಲ್ಲಿಗೆ ಕಳಿಸಿದ್ದು. ನಾನು ಶಾಲೆ ಬಿಟ್ಟು ಮನೆಯಲ್ಲಿದ್ದೆ. ವಾರಕ್ಕೆ ನಾಲ್ಕು ದಿನ ಹೋಗಿ ನೆಲ ಒರೆಸಿ, ಬಂದ ಟಪಾಲು ಓದಿ ಹೇಳಬೇಕು. ಶಾಲೆಯಲ್ಲಿ ಗಟ್ಟಿಯಾಗಿ ಓದು ಎಂದರೆ ನನ್ನ ಗಂಟಲು ಕಟ್ಟಿಕೊಳ್ಳುತ್ತಿತ್ತು. ಮಿಸ್ ಆರ್ಡಿತ್ ಮಾತ್ರ ಗಟ್ಟಿಯಾಗಿ ಎಂದು ಒಮ್ಮೆಯೂ ಹೇಳಲಿಲ್ಲ. ಕುರ್ಚಿಯನ್ನೇ ನನ್ನ ಹತ್ತಿರ ಎಳೆದುಕೊಂಡರು.

ಅವರ ಮನೆಗೆ ಬರುತ್ತಿದ್ದ ಗೆಳೆಯರು ಒಬ್ಬರೇ, ಜಡ್ಜ್ ಲೋವೆಲ್ ಹಾಫ್ನರ್. ಹತ್ತೊಂಬತ್ತು ವರ್ಷ ಅವರಿಬ್ಬರೂ ಒಂದೇ ಕೋಣೆಯಲ್ಲಿ ಕೆಲಸ ಮಾಡಿದವರು. ಜಡ್ಜ್ ಇನ್ನೂ ಜಡ್ಜೇ. ಹೆಂಡತಿ ತೀರಿಕೊಂಡಿದ್ದಾರೆ. ಪ್ರತಿ ಶುಕ್ರವಾರ ನಾಲ್ಕು ಗಂಟೆಗೆ ಹ್ಯಾಟು ಕೈಯಲ್ಲಿ ಹಿಡಿದು ಬರುತ್ತಿದ್ದರು, ಒಂದು ಪೊಟ್ಟಣ ಹುರಿದ ಕಡಲೆಕಾಯಿ ತರುತ್ತಿದ್ದರು. ಇಬ್ಬರೂ ಕೂತು ಕ್ರಿಬೇಜ್ ಆಡುತ್ತಿದ್ದರು. ಅದು ಇಸ್ಪೀಟಿನ ಆಟ. ಲೆಕ್ಕಕ್ಕೆ ತೂತುಗಳಿರುವ ಒಂದು ಮರದ ಹಲಗೆ, ಗೆದ್ದಷ್ಟು ತೂತು ಕಡ್ಡಿಯನ್ನು ಮುಂದೆ ಚುಚ್ಚುತ್ತಾ ಹೋಗಬೇಕು. ಹಲಗೆ ಜಡ್ಜ್ ಅವರದು. ದೊಡ್ಡ ಅಂಕಿಯ ಎಲೆಗಳು ಮಿಸ್ ಆರ್ಡಿತ್ ಅವರವು.

ಅಕ್ಟೋಬರಿನಲ್ಲಿ, ಸಕ್ಕರೆಗೆ ಬೀಟ್ ಗೆಡ್ಡೆ ಹೊರುವ ಲಾರಿಗಳು ಹಗಲೆಲ್ಲ ಬೀದಿಯಲ್ಲಿ ಓಡುವ ದಿನಗಳಲ್ಲಿ, ಟಪಾಲಿನಲ್ಲಿ ಮತಪತ್ರ ಬಂತು, ಮನೆಯಲ್ಲೇ ತುಂಬಿ ಕಳಿಸುವಂಥದ್ದು. ಅದರ ಹಿಂದೆಯೇ ನೀಲಿ ಪುಸ್ತಕ. ಮತಪತ್ರದಲ್ಲಿ ಏನೇನು ಕೇಳಿದ್ದಾರೆ, ಯಾವ ಜಡ್ಜ್ ಹೇಗೆ ಕೆಲಸ ಮಾಡಿದ್ದಾರೆ ಎಂದು ಅದರಲ್ಲಿ ಬರೆದಿರುತ್ತದೆ. ಮತಪತ್ರದ ಮುಂದಿನ ಪುಟ ಎಲ್ಲರಿಗೂ ಸಲೀಸು. ತೊಂದರೆ ಇರುವುದು ಹಿಂದಿನ ಪುಟದಲ್ಲಿ. ಅಲ್ಲಿ ಜಡ್ಜ್‌ಗಳ ಹೆಸರುಗಳಿರುತ್ತವೆ. ಒಂದೊಂದು ಹೆಸರಿನ ಕೆಳಗೂ, ಇವರನ್ನು ಮುಂದುವರಿಸಬೇಕೇ ಎಂಬ ಪ್ರಶ್ನೆ. ಹೌದು ಎಂಬುದಕ್ಕೆ ಒಂದು ಸೊನ್ನೆ, ಬೇಡ ಎಂಬುದಕ್ಕೆ ಒಂದು ಸೊನ್ನೆ. ಬೇಕಾದ್ದನ್ನು ಕಪ್ಪು ಪೆನ್ನಿನಿಂದ ತುಂಬಬೇಕು.

ಈ ಹಿಂದಿನ ಪುಟಕ್ಕಾಗಿಯೇ ನೆರೆಯವರು ಮಿಸ್ ಆರ್ಡಿತ್ ಮನೆಗೆ ಬರುತ್ತಿದ್ದರು. ಎರಡು ವರ್ಷಕ್ಕೊಮ್ಮೆ ಒಂದು ಭಾನುವಾರ, ಅವರವರ ಮತಪತ್ರ ಹಿಡಿದುಕೊಂಡು. ಕೋರ್ಟಿನಲ್ಲೇ ಕೂತಿರುವವಳು, ಒಂದಲ್ಲ ಒಂದು ಸಲ ಬಾಯಿ ಬಿಟ್ಟಾಳು ಎಂಬ ಆಸೆ. ಮಿಸ್ ಆರ್ಡಿತ್ ಕೋಸು ಮತ್ತು ಮಾಂಸ ತುಂಬಿದ ಬನ್ನು ಬೇಯಿಸಿಡುತ್ತಿದ್ದರು, ನೀಲಿ ಪುಸ್ತಕ ಓದುತ್ತಿದ್ದರು. ಜಡ್ಜ್‌ಗಳ ಹೆಸರು ಬಂದ ಕೂಡಲೇ ಕಾಫಿ ತರಲು ಎದ್ದುಬಿಡುತ್ತಿದ್ದರು. ಒಂದು ಕಾಲಕ್ಕೆ ಹದಿನಾಲ್ಕು ಜನ ಬಂದದ್ದುಂಟಂತೆ. ವರ್ಷಪೂರ್ತಿಯಲ್ಲಿ ಆ ಮನೆಯಲ್ಲಿ ಕುರ್ಚಿ ಸಾಲದೆ ಹೋಗುತ್ತಿದ್ದುದು ಅದೊಂದೇ ದಿನ. ಅವರು ಹೇಳುವುದಿಲ್ಲ ಎಂದು ಗೊತ್ತಾಗುತ್ತಾ ಬಂದ ಹಾಗೆ ಜನ ಕಡಿಮೆಯಾದರು.

ಈ ಸಲ ಬಂದವರು ಇಬ್ಬರು: ಬೀಟ್ ಲಾರಿ ಓಡಿಸುವ ಆರ್ಲಿನ್ ವೈಮರ್, ಅವನ ಹೆಂಡತಿ ಟ್ವೈಲಾ. ಮಿಸ್ ಆರ್ಡಿತ್ ಇಪ್ಪತ್ತು ಬನ್ನು ಮಾಡಿಟ್ಟಿದ್ದರು.

ಆಂಬ್ಯುಲೆನ್ಸಿನ ತೆರಿಗೆಯ ಪ್ರಶ್ನೆಯನ್ನು ನಾನು ಓದಿದೆ. ಕೌಂಟಿಗೆ ಇರುವುದು ಎರಡು ಆಂಬ್ಯುಲೆನ್ಸ್. ತೆರಿಗೆ ಏರಿಸದಿದ್ದರೆ ಒಂದನ್ನು ನಿಲ್ಲಿಸುತ್ತಾರೆ. ಇಷ್ಟನ್ನು ಹೇಳಲು ಹದಿನೇಳು ಸಾಲು, ಎಲ್ಲವೂ ದೊಡ್ಡಕ್ಷರದಲ್ಲಿ, ನಡುವೆ ಎಲ್ಲೂ ಪೂರ್ಣವಿರಾಮವಿಲ್ಲ. ಹತ್ತನೆಯ ಸಾಲಿಗೆ ನನ್ನ ಉಸಿರು ನಿಂತಿತು.

"ಪಾಪ, ಆ ಹುಡುಗೀನ ಬಿಟ್ಬಿಡಿ," ಎಂದ ಆರ್ಲಿನ್. "ಇದನ್ನ ಬರೆದೋನು ಉಸಿರೇ ತಗೊಂಡಿಲ್ಲ."

"ಮೊದಲು ಅವನಿಗೇ ಬೇಕು ಆಂಬ್ಯುಲೆನ್ಸು," ಎಂದಳು ಟ್ವೈಲಾ. "ಹೌದು ಅಂತ ತುಂಬು, ಸುಮ್ನೆ. ಹೋದ ವರ್ಷ ನಿನ್ನ ಎದೆ ಹಿಡ್ಕೊಂಡಾಗ ನಲವತ್ತು ನಿಮಿಷ ಕಾದಿದ್ದು ಮರೆತ್ಯಾ?"

"ಅದು ಎದೆ ಅಲ್ವೇ, ನೀನು ಮಾಡಿದ ಹುರುಳಿಕಾಯಿ ಪಲ್ಯ."

"ಹಾಗಾದ್ರೆ ಬೇಡ ಅಂತ ತುಂಬು. ಇನ್ನೊಂದ್ಸಲ ಪಲ್ಯಾನೇ ಮಾಡ್ತೀನಿ."

ಆರ್ಲಿನ್ ನಗುತ್ತಾ ಹೌದು ಎಂದು ತುಂಬಿದ. ಆಮೇಲೆ ಹಾಳೆ ತಿರುಗಿಸಿ ಗಲ್ಲ ಕೆರೆದುಕೊಂಡ. "ಇಗೋ ಬಂದ್ರು ಮಹನೀಯರು. ಇವರಲ್ಲಿ ನಂಗೆ ಗೊತ್ತಿರೋದು ಹಾಫ್ನರ್ ಒಬ್ರೇ. ಆರ್ಡಿತ್, ನಿನ್ ಗೆಳೆಯ. ಏನಂತೀಯ? ಇಟ್ಕೊಳ್ಳೋಣ್ವಾ, ಮನೆಗೆ ಕಳಿಸೋಣ್ವಾ?"

"ಕಾಫಿ ತರ್ತೀನಿ," ಎಂದು ಮಿಸ್ ಆರ್ಡಿತ್ ಎದ್ದರು.

"ನೋಡಿದ್ಯಾ," ಎಂದು ಆರ್ಲಿನ್ ಟ್ವೈಲಾಗೆ ಕಣ್ಣು ಹೊಡೆದ. "ಇವಳು ಸತ್ರೆ ಗೋರಿ ಮೇಲೂ ಹೆಸರಿರಲ್ಲ. 'ಕಾಫಿ ತರ್ತೀನಿ' ಅಂತ ಮಾತ್ರ ಇರತ್ತೆ."

ಅವರಿಬ್ಬರು ಹೋದ ಮೇಲೆ ಮಿಸ್ ಆರ್ಡಿತ್ ಹೇಳಿದ ಹಾಗೆ ಅವರ ಮತಪತ್ರದ ಸೊನ್ನೆಗಳನ್ನು ನಾನು ತುಂಬಿದೆ. ಒಂದೊಂದನ್ನೂ ತುಂಬುವ ಮುಂಚೆ ಓದಿ ಕೇಳಿ, ತುಂಬಿದ ಮೇಲೆ ಮತ್ತೆ ಓದಿದೆ. ಜಡ್ಜ್ ಹಾಫ್ನರ್ ಹೆಸರು ಬಂದಾಗ ಅವರು, "ಅದು ಇರಲಿ," ಎಂದರು. ನೀಲಿ ಪುಸ್ತಕದಲ್ಲಿ ಹಾಫ್ನರ್ ಒಳ್ಳೆಯ ಜಡ್ಜ್, ಸಹನೆಯುಳ್ಳವರು ಎಂದಿತ್ತು. ಅದನ್ನೂ ಓದಿದೆ. "ಸಹನೆ ಇದೆ. ಅದು ಸುಳ್ಳಲ್ಲ," ಎಂದರು. ಸೊನ್ನೆಗಳೆರಡೂ ಖಾಲಿ ಉಳಿದವು. ಮತಪತ್ರವನ್ನು ಬ್ರೆಡ್ಡಿನ ಡಬ್ಬಿಯ ಮೇಲೆ ಇಟ್ಟೆವು.

ಮುಂದಿನ ಶುಕ್ರವಾರ ಜಡ್ಜ್ ಬಂದರು. ನಾನು ಬಾಗಿಲು ತೆರೆದೆ.

"ಓಹೋ, ಹೊಸಬಳು! ನಿನ್ನ ಹೆಸರೇನಮ್ಮ?"

ನಾನು ಆರು ತಿಂಗಳಿಂದ ಆ ಬಾಗಿಲು ತೆರೆಯುತ್ತಿದ್ದೆ. "ಡೆಲ್ಫೀನಾ," ಎಂದೆ.

"ಎಷ್ಟು ಒಳ್ಳೆ ಹೆಸರು. ಯಾರಿಟ್ಟದ್ದು?"

"ಅಜ್ಜಿ."

ಆಟ ಶುರುವಾಯಿತು. ಜಡ್ಜ್ ಒಂದೇ ಗೆಲುವಿಗೆ ಎರಡು ಸಲ ಕಡ್ಡಿ ಮುಂದೆ ಚುಚ್ಚಿದರು. ಮಿಸ್ ಆರ್ಡಿತ್ ಬೆರಳಿನಿಂದ ತೂತುಗಳನ್ನು ಮುಟ್ಟಿ ನೋಡಿ, ಕಡ್ಡಿಯನ್ನು ಇದ್ದಲ್ಲೇ ಬಿಟ್ಟು ಕೈ ಹಿಂದಕ್ಕೆ ತೆಗೆದುಕೊಂಡರು. ನಾನು ಕಾಫಿ ತಂದಿಟ್ಟೆ. ಜಡ್ಜ್ ತಲೆಯೆತ್ತಿ ಅದೇ ನಗುವಿನಿಂದ, "ನಿನ್ನ ಹೆಸರೇನಮ್ಮ?" ಎಂದರು. ಹೇಳಿದೆ. "ಎಷ್ಟು ಒಳ್ಳೆ ಹೆಸರು. ಯಾರಿಟ್ಟದ್ದು?"

ಅವರು ಹೋದ ಮೇಲೆ ನನಗೆ ನಾಚಿಕೆಯಾಯಿತು. "ತಪ್ಪು ತಿಳ್ಕೋಬೇಡಿ ಮಿಸ್ ಆರ್ಡಿತ್," ಎಂದೆ. "ನನ್ ದನಿ ಯಾರಿಗೂ ಕೇಳಿಸಲ್ಲ. ಕೋರ್ಟಲ್ಲೂ ಹೀಗೇ ಆಯ್ತು. ಜಡ್ಜ್ ಎರಡೆರಡು ಸಲ ಕೇಳಬೇಕಾಯ್ತು."

"ಯಾವ ಕೋರ್ಟು?"

ಆವರೆಗೆ ನಾನು ಅವರಿಗೆ ಹೇಳಿರಲಿಲ್ಲ. ಹೋದ ಜನವರಿಯಲ್ಲಿ, ಶಾಲೆಗೆ ಹೋಗುತ್ತಿಲ್ಲ ಎಂದು ನನ್ನನ್ನೂ ಅಮ್ಮನನ್ನೂ ಕೋರ್ಟಿಗೆ ಕರೆಸಿದ್ದರು. ಜಡ್ಜ್ ಹಾಫ್ನರ್ ನನ್ನ ಹೆಸರು ಕೇಳಿದರು, ಒಳ್ಳೆಯ ಹೆಸರು ಎಂದರು. ಶಾಲೆ ಯಾಕೆ ಆಗುವುದಿಲ್ಲ ಎಂದು ತಾಳ್ಮೆಯಿಂದ ಕೇಳಿದರು. ಕೊನೆಗೆ, ಶಾಲೆಗೆ ಹೋಗಬೇಕಾಗಿಲ್ಲ, ಮಂಗಳವಾರ ಮಂಗಳವಾರ ತರಗತಿಗೆ ಹೋಗಿ ಶಾಲೆ ಮುಗಿಸಿದ್ದಕ್ಕೆ ಸಮನಾದ ಪರೀಕ್ಷೆ ಕಟ್ಟು ಎಂದರು. ಅಮ್ಮ ಅತ್ತುಬಿಟ್ಟಳು. ಕಾಗದಕ್ಕೆಂದು ಬೆಂಚಿನಲ್ಲಿ ಕಾಯುತ್ತಾ ಕೂತೆವು. ಅರ್ಧ ಗಂಟೆಯ ಮೇಲೆ ಮತ್ತೆ ನನ್ನನ್ನು ಕರೆದರು. ಮತ್ತೆ ಹೆಸರು ಕೇಳಿದರು, ಒಳ್ಳೆಯ ಹೆಸರು ಎಂದರು, ಶಾಲೆ ಯಾಕೆ ಆಗುವುದಿಲ್ಲ ಎಂದರು. ಎರಡನೆಯ ಸಲ ನನಗೆ ಗಂಟಲು ಕಟ್ಟಿತು. ಸೋಮವಾರ ಶಾಲೆಗೆ ಹೋಗದಿದ್ದರೆ ಅಮ್ಮನಿಗೆ ಶಿಕ್ಷೆ ಎಂದು ಆದೇಶವಾಯಿತು. ಕೈಗೆ ಸಿಕ್ಕಿದ ಕಾಗದ ಅದೇ. ಅಮ್ಮ ಹೊರಗೆ ಬಂದು, "ಸುಮ್ನಿರು ಮಿಹಾ, ಜಡ್ಜ್ ಮನಸ್ಸು ಬದಲಾಯ್ತು," ಎಂದಳು. ಮಿಹಾ ಎಂದರೆ ಮಗಳೇ ಎಂದು. ಮೂರು ವಾರ ಹೋದೆ. ಆಮೇಲೆ ಆಗಲಿಲ್ಲ. ಹದಿನೇಳಾದರೆ ಶಾಲೆ ಕಡ್ಡಾಯವಲ್ಲ, ಅಲ್ಲಿಯವರೆಗೆ ಚಿಕ್ಕಮ್ಮನ ಊರಿನಲ್ಲಿ ಅಡಗಿದ್ದು ಬಂದೆ. ಪರೀಕ್ಷೆಯ ಮಾತನ್ನು ಮತ್ತೆ ಯಾರೂ ಎತ್ತಲಿಲ್ಲ.

"ಎರಡನೇ ಸಲ ನಾನು ಸರಿಯಾಗಿ ಉತ್ತರ ಕೊಟ್ಟಿದ್ರೆ ಹೀಗಾಗ್ತಿರ್ಲಿಲ್ಲ," ಎಂದೆ.

ಮಿಸ್ ಆರ್ಡಿತ್ ಎಲೆಗಳನ್ನು ಜೋಡಿಸುತ್ತಿದ್ದವರು ನಿಲ್ಲಿಸಿದರು. "ಎರಡು ಸಲ ಕರೆದ್ರಾ? ಒಂದೇ ದಿನ?"

"ಹೂಂ."

"ಹುಡುಗಿ, ತೀರ್ಪು ಆದ ಕೇಸನ್ನ ಅರ್ಧ ಗಂಟೆಯಲ್ಲಿ ಮತ್ತೆ ಕರೆಯಲ್ಲ." ಎಲೆಗಳ ಕಟ್ಟನ್ನು ಪಕ್ಕಕ್ಕೆ ಸರಿಸಿದರು. ಆಮೇಲೆ ಹೇಳಿದರು: "ಸೋಮವಾರ ನಿಮ್ಮಮ್ಮನ್ನ ಕರ್ಕೊಂಡು ಬಾ. ಕಾಗದ ನೋಡ್ದೆ ನಾನು ಯಾವತ್ತೂ ಏನನ್ನೂ ನಂಬಿದೋಳಲ್ಲ."

ಸೋಮವಾರ ಮೂವರೂ ಕೋರ್ಟಿನಲ್ಲಿ ದಾಖಲೆ ಕೊಡುವ ಕಿಟಕಿಗೆ ಹೋದೆವು. ನನ್ನ ಕೇಸಿನ ದಾಖಲೆ ಕೇಳುವ ಹಕ್ಕು ನನಗಿದೆ ಎಂದು ನನಗೆ ಗೊತ್ತಿರಲಿಲ್ಲ. ಬರಿಯ ಆದೇಶ ಸಾಲದು, ಆ ದಿನ ಬರೆದ ಹಾಳೆ ಪೂರ್ತಿ ಬೇಕು ಎಂದು ಕೇಳು ಎಂದು ಮಿಸ್ ಆರ್ಡಿತ್ ಹೇಳಿಕೊಟ್ಟಿದ್ದರು. ಕೇಳಿದೆ. ಅವರ ಜಾಗಕ್ಕೆ ಬಂದ ಗುಮಾಸ್ತ ಎರಡನ್ನೂ ಬರೆದಿಟ್ಟಿದ್ದ. ಹತ್ತು ಹತ್ತಕ್ಕೆ ಕರೆದದ್ದು, ಪರೀಕ್ಷೆಗೆ ಅನುಮತಿ. ಹತ್ತು ನಲವತ್ತಕ್ಕೆ ಕರೆದದ್ದು, ಶಾಲೆಗೆ ಆದೇಶ. ನಾನು ಹೊರಗಿನ ಮೆಟ್ಟಿಲ ಮೇಲೆ ಓದಿ ಹೇಳಿದೆ. ಮಿಸ್ ಆರ್ಡಿತ್ ಇನ್ನೊಂದು ಸಲ ಓದಿಸಿದರು.

"ಇದು ನಿನ್ನ ದನಿಯ ತಪ್ಪಲ್ಲ," ಎಂದರು. "ನನ್ನದು."

ದಾರಿಯಲ್ಲಿ ಅವರು ಹೇಳಿದ್ದು ಇದು. ಏಳು ವರ್ಷದ ಹಿಂದೆ ಜಡ್ಜ್ ಒಂದು ಬೆಳಿಗ್ಗೆ ಎದುರಿಗೆ ನಿಂತ ವಕೀಲರ ಹೆಸರು ಮರೆತರು. ಮಾರನೆಯ ದಿನದಿಂದ ಮಿಸ್ ಆರ್ಡಿತ್ ಹಳದಿ ಚೀಟಿಯಲ್ಲಿ ಆ ದಿನ ಬರುವವರ ಹೆಸರು ಬರೆದು ಜಡ್ಜ್ ಮೇಜಿಗೆ ಅಂಟಿಸಿದರು. ಆಮೇಲೆ ಯಾವ ಕೇಸು ಮುಗಿಯಿತು, ಯಾವುದು ಉಳಿಯಿತು ಎಂದೂ ಬರೆದರು. ಎರಡು ವರ್ಷ ದಿನವೂ ಬರೆದರು. ಇಬ್ಬರೂ ಒಬ್ಬರಿಗೊಬ್ಬರು ಆ ವಿಷಯ ಎತ್ತಲಿಲ್ಲ. ಅವರು ನಿವೃತ್ತರಾದ ದಿನ ಚೀಟಿಗಳೂ ನಿಂತವು.

"ಆಯಾಸ ಅಂದ್ಕೊಂಡಿದ್ದೆ," ಎಂದರು. ಸ್ವಲ್ಪ ದೂರ ನಡೆದ ಮೇಲೆ, "ಇಲ್ಲ. ಅಂದ್ಕೊಂಡಿರ್ಲಿಲ್ಲ," ಎಂದು ತಿದ್ದಿದರು.

ಮಂಗಳವಾರ ನಾನು ಹೋದಾಗ ಮತಪತ್ರ ಮೇಜಿನ ಮೇಲಿತ್ತು, ಪೆನ್ನೂ ಇತ್ತು. ಭಾನುವಾರದಿಂದ ಎಣಿಸಿದರೆ ಒಂಬತ್ತು ದಿನ. "ಬೇಡ ಅನ್ನೋ ಸೊನ್ನೆ ಮೇಲೆ ನನ್ನ ಕೈ ಇಡು," ಎಂದರು. "ಇದೊಂದನ್ನ ನಾನೇ ತುಂಬ್ತೀನಿ." ತುಂಬಿದರು. ಅಂಚು ದಾಟಲಿಲ್ಲ. ಲಕೋಟೆಯ ಮೇಲೆ ಅಳತೆಪಟ್ಟಿ ಇಟ್ಟುಕೊಂಡು ಸಹಿ ಹಾಕಿದರು. ಆದರೆ ಲಕೋಟೆಯನ್ನು ಕಳಿಸಲು ಬಿಡಲಿಲ್ಲ. "ಶುಕ್ರವಾರ ಆಗಲಿ. ಅವರಿಗೆ ಹೇಳ್ದೆ ಹಾಕಿದ್ರೆ ಬೆನ್ನ ಹಿಂದೆ ಮಾಡಿದ ಹಾಗಾಗತ್ತೆ."

"ಯಾರಿಗೆ ವೋಟು ಅಂತ ಹೇಳಲೇಬೇಕು ಅಂತೇನಿಲ್ಲವಲ್ಲ, ಮಿಸ್ ಆರ್ಡಿತ್. ಅವರು ಬರೋದು ನಿಲ್ಲಿಸಿದ್ರೆ?"

"ನಿಲ್ಲಿಸಬಹುದು," ಎಂದರು.

ಶುಕ್ರವಾರ ಜಡ್ಜ್ ಬಂದು ಹಲಗೆಯನ್ನು ಮೇಜಿನ ಮೇಲಿಟ್ಟರು. ನಾನು ಒಳಗೆ ಹೋಗಲು ಹೊರಟೆ. ಮಿಸ್ ಆರ್ಡಿತ್ ಇಲ್ಲೇ ಇರು ಎಂದರು.

"ಲೋವೆಲ್," ಎಂದರು. ಆವರೆಗೆ ಅವರು ಜಡ್ಜ್ ಎಂದೇ ಕರೆಯುತ್ತಿದ್ದುದು. "ನಾನು ಈ ಸಲ ನಿಮ್ಮನ್ನ ಬೇಡ ಅಂತ ತುಂಬಿದೀನಿ."

ಜಡ್ಜ್ ನಕ್ಕರು. "ತಮಾಷೆ ಮಾಡ್ಬೇಡ ಆರ್ಡಿತ್, ಎಲೆ ಹಂಚು."

"ಈ ಹುಡುಗೀನ ನೀವು ಒಂದೇ ದಿನ ಎರಡು ಸಲ ಕರೆದಿದೀರ. ಎರಡು ಆದೇಶ ಕೊಟ್ಟಿದೀರ. ಕಾಗದ ನೋಡಿದೀನಿ."

ಜಡ್ಜ್ ನನ್ನನ್ನು ನೋಡಿದರು. ನನ್ನ ಹೆಸರನ್ನು ಹುಡುಕುತ್ತಿದ್ದಾರೆ ಎಂದು ಗೊತ್ತಾಯಿತು. ಹೇಳಿಬಿಡಲೇ ಅನ್ನಿಸಿತು, ಹೇಳಲಿಲ್ಲ. ಅದಕ್ಕೆ ಈಗಲೂ ಬೇಸರವಿದೆ.

"ಆ ಹಳದಿ ಚೀಟಿಗಳು," ಎಂದರು ಜಡ್ಜ್. "ನಾನು ಒಂದನ್ನೂ ಎಸೆದಿಲ್ಲ, ಗೊತ್ತಾ? ಡ್ರಾಯರಿನಲ್ಲಿವೆ."

"ಆವತ್ತೇ ಹೇಳ್ಬೇಕಿತ್ತು ನಾನು."

"ಹೌದು. ಹೇಳ್ಬೇಕಿತ್ತು." ಅವರ ದನಿ ಏರಲಿಲ್ಲ. "ಆವತ್ತು ಹೇಳಿದ್ರೆ ಗೆಳತಿಯ ಮಾತಾಗ್ತಿತ್ತು. ಈಗ ಬರೀ ಒಂದು ವೋಟು." ಎದ್ದು ಹ್ಯಾಟು ತೆಗೆದುಕೊಂಡರು. ಬಾಗಿಲಲ್ಲಿ ನಿಂತು ಬೀದಿಯ ಎರಡೂ ಕಡೆ ನೋಡಿದರು. ಅವರ ಕಾರು ಯಾವ ಕಡೆ ನಿಂತಿದೆ ಎಂದು ನಾನು ಕೈ ತೋರಿಸಿದೆ. ಹಲಗೆ ಮೇಜಿನ ಮೇಲೆಯೇ ಉಳಿಯಿತು.

ಚುನಾವಣೆಯ ಹಿಂದಿನ ದಿನ ಆರ್ಲಿನ್ ತನ್ನ ಪಿಕಪ್ಪಿನಲ್ಲಿ ನಮ್ಮನ್ನು ಕೋರ್ಟಿನ ಮುಂದಿನ ಮತಪೆಟ್ಟಿಗೆಗೆ ಕರೆದುಕೊಂಡು ಹೋದ. ಮಿಸ್ ಆರ್ಡಿತ್ ಲಕೋಟೆ ಹಾಕಿ, ಅದು ಕೆಳಗೆ ಬಿದ್ದ ಸದ್ದು ಕೇಳಿಸಿಕೊಂಡು ಬಂದರು.

"ಹೇಳು ಮತ್ತೆ," ಎಂದ ಆರ್ಲಿನ್, ಎಂದಿನ ಹಾಗೆ ಕೆಣಕುತ್ತಾ. "ಹಾಫ್ನರ್‌ಗೆ ಏನು ಮಾಡಿದೆ? ಕಾಫಿ ತರೋಕೆ ಇಲ್ಲಿ ಅಡುಗೆಮನೆ ಇಲ್ಲ."

"ಬೇಡ ಅಂತ ಹಾಕ್ದೆ. ಅವರಿಗೆ ನೆನಪು ಹೋಗ್ತಾ ಇದೆ ಆರ್ಲಿನ್. ಕೋರ್ಟಲ್ಲಿ ಜನಕ್ಕೆ ತೊಂದ್ರೆ ಆಗ್ತಾ ಇದೆ. ಯಾರು ಕೇಳಿದ್ರೂ ಹೇಳ್ತೀನಿ."

ಆರ್ಲಿನ್ ಗಾಡಿ ಶುರು ಮಾಡಿದವನು ಮತ್ತೆ ಆರಿಸಿದ. "ದೇವ್ರೇ," ಎಂದ. "ನಾನೂ ಟ್ವೈಲಾನೂ ಹೋದ ವಾರವೇ ಹೌದು ಅಂತ ಹಾಕ್ಬಿಟ್ವಲ್ಲ. ನಿನ್ ಗೆಳೆಯ ಅಂತಾನೇ ಹಾಕಿದ್ದು. ನೀನು ಏನೂ ಹೇಳ್ಲಿಲ್ಲ, ಅಂದ್ರೆ ಒಳ್ಳೆಯವರೇ ಇರ್ಬೇಕು ಅಂದ್ಕೊಂಡ್ವಿ."

ಮಿಸ್ ಆರ್ಡಿತ್ ಮನೆ ತಲುಪುವವರೆಗೂ ಮಡಿಲಲ್ಲಿ ಒಂದು ಕೈಯಿಂದ ಇನ್ನೊಂದನ್ನು ಹಿಡಿದುಕೊಂಡಿದ್ದರು.

ಆಂಬ್ಯುಲೆನ್ಸ್ ಉಳಿಯಿತು, ನಲವತ್ತೊಂದು ವೋಟಿನಿಂದ. ಜಡ್ಜ್ ಹಾಫ್ನರ್ ಕೂಡ ಉಳಿದರು. ನೂರಕ್ಕೆ ಅರವತ್ತನಾಲ್ಕು ಜನ ಹೌದು ಎಂದಿದ್ದರು. ನಾನು ಪತ್ರಿಕೆಯಲ್ಲಿ ಓದಿ ಹೇಳಿದೆ. ಮಿಸ್ ಆರ್ಡಿತ್ ಜಡ್ಜ್‌ಗಳ ಕೆಲಸ ನೋಡಿಕೊಳ್ಳುವ ಸಮಿತಿಗೆ ಒಂದು ಪತ್ರ ಹೇಳಿ ಬರೆಸಿದರು. ಹಳದಿ ಚೀಟಿಗಳ ವಿಷಯವನ್ನೂ ಬಿಡಲಿಲ್ಲ. ಕೆಳಗೆ ಅವರ ಸಹಿ. ಉತ್ತರ ಇನ್ನೂ ಬಂದಿಲ್ಲ. ಕೋರ್ಟಿನ ಆ ಹಾಳೆ ತೋರಿಸಿದ ಮೇಲೆ ಮಂಗಳವಾರದ ತರಗತಿಗೆ ನನ್ನನ್ನು ಸೇರಿಸಿಕೊಂಡಿದ್ದಾರೆ. ನಿಮಗೆ ಗೊತ್ತಿರುವ ಒಬ್ಬರ ಬಗ್ಗೆ ಬರೆಯಿರಿ ಎಂದು ಟೀಚರ್ ಅಲ್ಲಿಯೇ ಹೇಳಿದ್ದು.

ಆಮೇಲೆ ಮೂರು ಶುಕ್ರವಾರ ಕಳೆದಿವೆ. ಜಡ್ಜ್ ಬಂದಿಲ್ಲ. ಅವರು ಮರೆತರೋ, ಬೇಕೆಂದೇ ಬರಲಿಲ್ಲವೋ ನಮಗೆ ಗೊತ್ತಿಲ್ಲ. ಮಿಸ್ ಆರ್ಡಿತ್ ಪ್ರತಿ ಸಲವೂ ಮೂರೂವರೆಗೆ ಕಾಫಿ ಇಡುತ್ತಾರೆ. ಎರಡು ಕಪ್ಪು ತೊಳೆದಿಡುತ್ತಾರೆ. ಹಲಗೆಯ ಧೂಳು ಒರೆಸುತ್ತಾರೆ, ಕಡ್ಡಿಗಳನ್ನು ಮಾತ್ರ ಇದ್ದಲ್ಲಿಯೇ ಬಿಡುತ್ತಾರೆ. ಐದು ಗಂಟೆಗೆ ಒಂದು ಕಪ್ಪನ್ನು ಮತ್ತೆ ಕಪಾಟಿಗೆ ಇಡುತ್ತಾರೆ. ಜಡ್ಜ್ ಬಾರದೆ ಹೋದ ಮೇಲೆ ಶುಕ್ರವಾರ ನಾನು ಮೂರು ಗಂಟೆಗೇ ಹೊರಟುಬಿಡುವುದು. ಇದನ್ನೆಲ್ಲ ಅವರ ಕಿಟಕಿಯಲ್ಲಿ ನೋಡಿದ್ದು ಬೀದಿಯ ಆಚೆ, ಬಸ್ಸಿಗೆ ಕಾಯುವ ಹಾಗೆ ನಿಂತು. ಅಲ್ಲಿ ಬಸ್ಸು ಬರುವುದಿಲ್ಲ.

ನಾಳೆ ಶುಕ್ರವಾರ. ನಾಲ್ಕು ಗಂಟೆಗೆ ಬಾಗಿಲು ತಟ್ಟಿ, ನನಗೆ ಆ ಆಟ ಕಲಿಸಿ ಎಂದು ಮಿಸ್ ಆರ್ಡಿತ್ ಅವರನ್ನು ಕೇಳುತ್ತೇನೆ.